ತಕಾಶಿ ಮುರಕಾಮಿಯನ್ನು ಎಲ್ಲಿಂದ ಓದಲು ಶುರು ಮಾಡಬೇಕು

ಹನ್ನೆರಡು ದಳ, ನಡುವೆ ಬಾಯಿ ತೆರೆದು ನಗುವ ಮುಖ. ಈ ಹೂವನ್ನು ಟೀ ಶರ್ಟಿನ ಮೇಲೋ ಮೊಬೈಲ್ ಕವರಿನ ಮೇಲೋ ನೀವು ನೋಡಿಯೇ ಇರುತ್ತೀರಿ. ಮೊದಲ ಸಲ ನೋಡಿದಾಗ ನಾನು ಇದನ್ನು ಮಕ್ಕಳ ಸ್ಟಿಕರ್ ಅಂದುಕೊಂಡು ಸುಮ್ನೆ ಬಿಟ್ಟಿದ್ದೆ. ಇದನ್ನು ಬರೆದವರು ಜಪಾನಿನ ಕಲಾವಿದ ತಕಾಶಿ ಮುರಕಾಮಿ. ಕಾದಂಬರಿಕಾರ ಹರುಕಿ ಮುರಕಾಮಿ ಬೇರೆ, ಇವರು ಬೇರೆ. ಪರೀಕ್ಷೆಯಲ್ಲಿ ಇವರ ಬಗ್ಗೆ ಉತ್ತರ ಬರೆಯುವಾಗ ಹುಷಾರಾಗಿರಿ.

ಈ ಹೂವಿನ ಹಿಂದೆ ಒಂಬತ್ತು ವರ್ಷದ ಪಾಠವಿದೆ. ಆರ್ಟ್ ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ಶಾಲೆಯೊಂದರಲ್ಲಿ ಮುರಕಾಮಿ ಮಕ್ಕಳಿಗೆ ಹೂವು ಬರೆಯುವುದನ್ನು ಕಲಿಸುತ್ತಿದ್ದರು. ಮೊದಮೊದಲು ಹೂವೆಂದರೆ ಅವರಿಗೆ ಹಿಡಿಸುತ್ತಲೇ ಇರಲಿಲ್ಲವಂತೆ. ಅದರ ವಾಸನೆ, ಆಕಾರ ಎಲ್ಲ ಕಿರಿಕಿರಿ. ಬರೆದೂ ಬರೆದೂ ಒಂದೊಂದು ಹೂವಿಗೂ ಅದರದೇ ಸ್ವಭಾವ ಇದೆ ಅನ್ನಿಸತೊಡಗಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಅಂದರೆ ಆ ನಗುವಿನೊಳಗೆ ಸ್ವಲ್ಪ ಕಸಿವಿಸಿಯೂ ಸೇರಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುರಕಾಮಿ ಹುಟ್ಟಿದ್ದು 1962ರಲ್ಲಿ, ಟೋಕಿಯೋದಲ್ಲಿ. ತಂದೆ ಟ್ಯಾಕ್ಸಿ ಓಡಿಸುತ್ತಿದ್ದರು. ಹುಡುಗನಿಗೆ ಅನಿಮೇಷನ್ ಹುಚ್ಚು. ಆದರೆ ಟೋಕಿಯೋ ಕಲಾ ವಿಶ್ವವಿದ್ಯಾಲಯದಲ್ಲಿ ಕಲಿತದ್ದು ನಿಹೊಂಗಾ. ಖನಿಜಗಳನ್ನು ಅರೆದು ಮಾಡಿದ ಬಣ್ಣಕ್ಕೆ ಪ್ರಾಣಿಗಳ ಅಂಟು ಬೆರೆಸಿ, ಕಾಗದ ಅಥವಾ ರೇಷ್ಮೆಯ ಮೇಲೆ ಬರೆಯುವ ಜಪಾನಿ ಪದ್ಧತಿ ಅದು. ಪಾಶ್ಚಾತ್ಯ ಶೈಲಿಯ ಚಿತ್ರಕ್ಕೆ ಅಲ್ಲಿ 'ಯೋಗಾ' ಅನ್ನುತ್ತಾರೆ. ನಮ್ಮ ಯೋಗಕ್ಕೂ ಅದಕ್ಕೂ ಸಂಬಂಧವಿಲ್ಲ. 1993ರಲ್ಲಿ ನಿಹೊಂಗಾದಲ್ಲೇ ಅವರು ಡಾಕ್ಟರೇಟ್ ಪಡೆದರು. ಪಾಪ್ ಕಲಾವಿದ ಅಂದ ಕೂಡಲೇ ಹಳೆಯದನ್ನು ಬಿಟ್ಟು ಬಂದವರು ಅಂದುಕೊಳ್ಳುತ್ತೇವೆ, ಅಲ್ವಾ? ಇವರು ಹಳೆಯದನ್ನು ಅರೆದು ಕುಡಿದವರು.

ಅದೇ 1993ರಲ್ಲಿ ಅವರ ಕಾರ್ಟೂನ್ ಪಾತ್ರ ಡಾಬ್ (DOB) ಹುಟ್ಟಿದ. ದುಂಡು ಮುಖ, ಎರಡು ದೊಡ್ಡ ಕಿವಿ. ಒಂದು ಕಿವಿಯಲ್ಲಿ ಡಿ, ಇನ್ನೊಂದರಲ್ಲಿ ಬಿ, ಮುಖವೇ ಓ. 'ಯಾಕೆ, ಯಾಕೆ' ಎಂಬ ಅರ್ಥದ 'ದೊಬೊಜಿತೆ' ಅನ್ನುವ ತಮಾಷೆಯ ಮಾತಿನಿಂದ ಬಂದ ಹೆಸರು. ಮುದ್ದಾಗಿ ಶುರುವಾದ ಈ ಡಾಬ್‌ಗೆ ಆಮೇಲೆ ಚೂಪು ಹಲ್ಲು ಬರುತ್ತದೆ, ಮೈತುಂಬ ಕಣ್ಣು ಮೂಡುತ್ತದೆ.

ಈಗ ಮುಖ್ಯ ಪದಕ್ಕೆ ಬರೋಣ: ಸೂಪರ್‌ಫ್ಲಾಟ್. ಇದೇ ಹೆಸರಿನ ಪ್ರದರ್ಶನವನ್ನು ಮುರಕಾಮಿ 2000ದಲ್ಲಿ ಟೋಕಿಯೋದಲ್ಲಿ, 2001ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಾಡಿದರು. ಚಪ್ಪಟೆ ಚಿತ್ರ ಎಂದಷ್ಟೇ ಬರೆದು ಮುಗಿಸಿದರೆ ಅರ್ಧ ಉತ್ತರವೂ ಆಗುವುದಿಲ್ಲ. ಯುರೋಪಿನ ಚಿತ್ರದಲ್ಲಿ ನೋಡುವವನನ್ನು ಒಂದು ಜಾಗದಲ್ಲಿ ನಿಲ್ಲಿಸುತ್ತಾರೆ. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು. ಕಣ್ಣು ಚಿತ್ರದ ಒಳಕ್ಕೆ ಹೋಗುತ್ತದೆ. ಎಡೊ ಕಾಲದ (1603ರಿಂದ 1868) ಹಲವು ಜಪಾನಿ ಚಿತ್ರಗಳಲ್ಲಿ ಹಾಗೆ ನಿಲ್ಲುವ ಜಾಗವೇ ಇಲ್ಲ. ಕಣ್ಣು ಮೇಲ್ಮೈಯಲ್ಲೇ ಓಡಬೇಕು. ಕಾನೊ ಸಾನ್ಸೆತ್ಸು 1646ರ ಸುಮಾರಿಗೆ ಬರೆದ ಹಳೆಯ ಪ್ಲಮ್ ಮರದ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ, ಅದನ್ನು ಒಮ್ಮೆ ನೋಡಿ. ಚಿನ್ನದ ಹಿನ್ನೆಲೆ, ನಾಲ್ಕು ಜಾರುಬಾಗಿಲು, ಅಂಕುಡೊಂಕಾಗಿ ಮುರಿದು ಬಾಗುತ್ತ ಹೋಗುವ ಕಾಂಡ. ಅದರ ಹಿಂದೆಯೇ ನಿಮ್ಮ ಕಣ್ಣೂ ಬಾಗುತ್ತ ಹೋಗುತ್ತದೆ. ಇಂಥ ವಿಚಿತ್ರ ಕಲಾವಿದರ ಸಾಲನ್ನು ಗುರುತಿಸಿ 1970ರಲ್ಲಿ ಪುಸ್ತಕ ಬರೆದವರು ಕಲಾ ಇತಿಹಾಸಕಾರ ನೊಬುಒ ತ್ಸುಜಿ. ಮುರಕಾಮಿ ಆ ಪುಸ್ತಕ ಹಿಡಿದು ಒಂದು ಹೆಜ್ಜೆ ಮುಂದೆ ಹೋದರು. ಟಿವಿ ಮತ್ತು ಸಿನಿಮಾ ಅನಿಮೇಷನ್‌ನಲ್ಲಿ ಯೊಶಿನೊರಿ ಕನದಾ ಬರೆದ ಸ್ಫೋಟದ ದೃಶ್ಯಗಳಲ್ಲೂ ಕಣ್ಣು ಹೀಗೇ ಓಡುತ್ತದೆ ಎಂದರು. ಮುನ್ನೂರು ವರ್ಷದ ಅಂತರವಿರುವ ಎರಡನ್ನು ಪಕ್ಕ ಪಕ್ಕ ಇಟ್ಟ ಈ ಧೈರ್ಯವೇ ನನಗೆ ಅವರ ಎಲ್ಲ ಬರವಣಿಗೆಯಲ್ಲಿ ಹೆಚ್ಚು ಇಷ್ಟವಾದದ್ದು.

ಸೂಪರ್‌ಫ್ಲಾಟ್‌ಗೆ ಎರಡನೆಯ ಅರ್ಥವೂ ಇದೆ: ದೊಡ್ಡ ಕಲೆ, ಚಿಕ್ಕ ಕಲೆ ಎಂಬ ಮೇಲುಕೀಳನ್ನೂ ಚಪ್ಪಟೆ ಮಾಡುವುದು. 'ಲಲಿತ ಕಲೆ' ಎಂಬುದಕ್ಕೆ ಜಪಾನಿಯಲ್ಲಿ ಇರುವ 'ಬಿಜುತ್ಸು' ಎಂಬ ಪದವೇ 1870ರ ದಶಕದ್ದು. ವಿಯೆನ್ನಾದ ವಸ್ತುಪ್ರದರ್ಶನಕ್ಕಾಗಿ ಹುಟ್ಟಿಸಿದ್ದು. ಅದಕ್ಕೂ ಮೊದಲು ಇದು ದೊಡ್ಡ ಕಲೆ, ಇದು ಬರೀ ಕುಸುರಿ ಕೆಲಸ ಎಂಬ ಗೋಡೆ ಅಷ್ಟು ಗಟ್ಟಿಯಾಗಿರಲಿಲ್ಲ. ಹಾಗಾಗಿ 2003ರಲ್ಲಿ ಲೂಯಿ ವಿಟಾನ್ ಬ್ಯಾಗಿಗೆ ಮುರಕಾಮಿ 33 ಬಣ್ಣದ ವಿನ್ಯಾಸ ಮಾಡಿಕೊಟ್ಟದ್ದು, 2007ರ ಲಾಸ್ ಏಂಜಲೀಸ್ ಪ್ರದರ್ಶನದೊಳಗೇ ಆ ಬ್ಯಾಗಿನ ಅಂಗಡಿ ಇಟ್ಟದ್ದು ಅವರ ವಾದದ ಮುಂದುವರಿಕೆಯೇ. ಜನ ಟೀಕಿಸಿದರು. ದುಡ್ಡಿನ ಆಸೆ ಇರಲಿಲ್ಲ ಎಂದು ನಾನೂ ಹೇಳುವುದಿಲ್ಲ. ಅವರ 1998ರ ಒಂದು ಶಿಲ್ಪ 2008ರಲ್ಲಿ ಸುಮಾರು 1.5 ಕೋಟಿ ಡಾಲರಿಗೆ ಹರಾಜಾಯಿತು. 1996ರಲ್ಲಿ ಅವರು ಶುರು ಮಾಡಿದ ಸ್ಟುಡಿಯೋ ಹಿರೊಪಾನ್ ಫ್ಯಾಕ್ಟರಿ 2001ರಲ್ಲಿ ಕೈಕೈ ಕಿಕಿ ಎಂಬ ಕಂಪನಿಯಾಯಿತು. ಅಮೆರಿಕದ ಆಂಡಿ ವಾರ್ಹೋಲ್ ಕೂಡ ತಮ್ಮ ಸ್ಟುಡಿಯೋಗೆ ಫ್ಯಾಕ್ಟರಿ ಎಂದೇ ಹೆಸರಿಟ್ಟಿದ್ದರು. ಆದರೆ ವಾರ್ಹೋಲ್ ಅಂಗಡಿಯ ಸರಕನ್ನು ಕಲೆಯೊಳಗೆ ತಂದರು, ಮುರಕಾಮಿ ತಮ್ಮ ಕಲೆಯನ್ನೇ ಅಂಗಡಿಗೆ ಕಳಿಸಿದರು.

ಇನ್ನು ಆ ಕಸಿವಿಸಿಯ ವಿಷಯ. ಮುರಕಾಮಿಯ ತಾಯಿಯ ಊರು ಕೊಕುರಾ. 1945ರ ಆಗಸ್ಟ್ 9ರಂದು ಎರಡನೆಯ ಅಣುಬಾಂಬ್ ಬೀಳಬೇಕಿದ್ದದ್ದು ಅಲ್ಲೇ. ಮೋಡವೋ ಹೊಗೆಯೋ ಮುಸುಕಿ ಗುರಿ ಕಾಣಲಿಲ್ಲ. ವಿಮಾನ ನಾಗಸಾಕಿಗೆ ತಿರುಗಿತು. ಅವತ್ತು ಕೊಕುರಾದ ಆಕಾಶ ತಿಳಿಯಾಗಿದ್ದರೆ ನೀನು ಹುಟ್ಟುತ್ತಲೇ ಇರಲಿಲ್ಲ ಎಂದು ತಾಯಿ ಹೇಳುತ್ತಿದ್ದರಂತೆ. ಇದನ್ನು ಓದಿದ ಮೇಲೆ ಅವರ 'ಟೈಮ್ ಬೊಕಾನ್' ಚಿತ್ರಗಳನ್ನು ನೋಡಿ. ಚಂದದ ಬಣ್ಣ, ಬುರುಡೆಯ ಆಕಾರದ ಅಣಬೆ ಮೋಡ. ಅದೇ ಹೆಸರಿನ ಎಪ್ಪತ್ತರ ದಶಕದ ಮಕ್ಕಳ ಟಿವಿ ಕಾರ್ಟೂನಿನಿಂದ ತೆಗೆದುಕೊಂಡದ್ದು. ಬಾಂಬ್ ಬಿದ್ದ ದೇಶದಲ್ಲಿ ಅಣಬೆ ಮೋಡ ಮಕ್ಕಳ ನಗೆಯಾಟವಾಗಿದೆ. 2005ರಲ್ಲಿ ನ್ಯೂಯಾರ್ಕಿನಲ್ಲಿ ಅವರು ಮಾಡಿದ ಪ್ರದರ್ಶನದ ಹೆಸರು 'ಲಿಟಲ್ ಬಾಯ್'. ಅದು ಹಿರೊಶಿಮಾ ಬಾಂಬಿನ ಹೆಸರು, ಪುಟ್ಟ ಹುಡುಗ ಅನ್ನುವ ಅರ್ಥವೂ ಹೌದು. ಸೋತ ಜಪಾನ್ ಅಮೆರಿಕದ ನೆರಳಲ್ಲಿ ಬೆಳೆಯದ ಮಗುವಾಗಿ ಉಳಿಯಿತು, ಈ ಮುದ್ದು ಮುದ್ದು ಗೊಂಬೆಗಳೆಲ್ಲ ಅಲ್ಲಿಂದಲೇ ಬಂದವು ಎಂಬುದು ಅವರ ವಾದ. ಇದನ್ನು ಪೂರ್ತಿ ಒಪ್ಪಬೇಕಿಲ್ಲ. ಮುದ್ದು ಚಿತ್ರಗಳು ಜಪಾನಿನಲ್ಲಿ ಯುದ್ಧಕ್ಕೆ ಮೊದಲೂ ಇದ್ದವು. ಆದರೂ ಆ ಹೂವಿನ ನಗು ನನಗೆ ಮೊದಲಿನ ಹಾಗೆ ಕಾಣುವುದಿಲ್ಲ.

ನೀವು ಒಂದೇ ಕೃತಿಯನ್ನು ವಿವರವಾಗಿ ಓದುವುದಾದರೆ 'ಐನೂರು ಅರ್ಹಂತರು' ಆರಿಸಿಕೊಳ್ಳಿ. 2011ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಭೂಕಂಪ, ಸುನಾಮಿ ಬಂತು. ಮರುವರ್ಷವೇ ಈ ಚಿತ್ರ ಬಂತು. ಎತ್ತರ 3 ಮೀಟರ್, ಉದ್ದ 100 ಮೀಟರ್. ಮೊದಲು ತೋರಿಸಿದ್ದು ಕತಾರ್‌ನ ದೋಹಾದಲ್ಲಿ, ಜಪಾನಿಗೆ ನೆರವಾದ ಆ ದೇಶಕ್ಕೆ ಕೃತಜ್ಞತೆಯಾಗಿ. ಟೋಕಿಯೋದ ಮೋರಿ ಮ್ಯೂಸಿಯಂಗೆ ಬಂದದ್ದು 2015ರಲ್ಲಿ. ಇಷ್ಟು ದೊಡ್ಡದನ್ನು ಮುಗಿಸಲು ಕಲಾ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಕೆಲಸ ಮಾಡಿದರು.

ಅರ್ಹಂತ ಅನ್ನುವ ಮಾತು ನಮಗೆ ಹೊಸದಲ್ಲ. ಬಸದಿಗಳಲ್ಲಿ ಕೇಳುವ 'ಣಮೋ ಅರಿಹಂತಾಣಂ' ಇದೇ ಮೂಲದ್ದು. ಬೌದ್ಧರಲ್ಲಿ ಬಿಡುಗಡೆ ಪಡೆದ ಶಿಷ್ಯನಿಗೆ ಈ ಹೆಸರು. ಚೀನಾ ದಾಟಿ ಜಪಾನಿಗೆ ಹೋಗಿ ಅದು 'ರಕಾನ್' ಆಯಿತು. ಎಡೊದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ, ಕಾನೊ ಕಾಜುನೊಬು ಎಂಬ ಕಲಾವಿದರು ಜೊಜೊಜಿ ದೇವಾಲಯಕ್ಕಾಗಿ ಐನೂರು ರಕಾನ್‌ಗಳನ್ನು ನೂರು ಸುರುಳಿಗಳಲ್ಲಿ ಬರೆಯುತ್ತಿದ್ದರು. 1855ರಲ್ಲಿ ಆ ಊರನ್ನೂ ದೊಡ್ಡ ಭೂಕಂಪ ನಡುಗಿಸಿತ್ತು. ಕೆಲಸ ಮುಗಿಯುವ ಮೊದಲೇ ಕಾಜುನೊಬು ತೀರಿಕೊಂಡರು. ಉಳಿದ ಸುರುಳಿಗಳನ್ನು ಪೂರ್ತಿ ಮಾಡಿಸಿದವರು ಅವರ ಹೆಂಡತಿ ಮತ್ತು ಶಿಷ್ಯರು.

ಮುರಕಾಮಿಯ ರಕಾನ್‌ಗಳು ಮುದುಕರು. ಸುಕ್ಕುಗಟ್ಟಿದ ಮುಖ, ಉದ್ದ ಹುಬ್ಬು, ಕಾರ್ಟೂನಿನ ಬಣ್ಣ. ಇಲ್ಲೂ ನಿಂತು ನೋಡುವ ಒಂದು ಜಾಗ ಅಂತಿಲ್ಲ. ಗೋಡೆಯುದ್ದಕ್ಕೂ ನಡೆಯುತ್ತಲೇ ನೋಡಬೇಕು.