ಮಧ್ಯಯುಗದ ಯುರೋಪಿನಲ್ಲಿ ಬಡವರ ಬಟ್ಟೆಗೆ ಬಣ್ಣವೇ ಇರಲಿಲ್ಲವೇ?

ಓದುಗರ ಪ್ರಶ್ನೆ: ಮಧ್ಯಯುಗದ ಯುರೋಪನ್ನು ತೋರಿಸುವ ಸಿನಿಮಾ ಮತ್ತು ಧಾರಾವಾಹಿಗಳಲ್ಲಿ ರಾಜ, ರಾಣಿ, ಸರದಾರರನ್ನು ಬಿಟ್ಟರೆ ಉಳಿದವರೆಲ್ಲ ಮಣ್ಣಿನ ಅಥವಾ ಬೂದಿಯ ಬಣ್ಣದ, ಗೋಣಿತಟ್ಟಿನಂಥ ಬಟ್ಟೆಯಲ್ಲಿ ಕಾಣಿಸಿಕೊಳ್ಳುತ್ತಾರೆ. ಆ ಕಾಲದ ಸಾಮಾನ್ಯ ಜನ ನಿಜವಾಗಿಯೂ ಹಾಗೆ ಉಡುತ್ತಿದ್ದರೇ? ಬಣ್ಣದ ಬಟ್ಟೆ ಶ್ರೀಮಂತರಿಗೆ ಮಾತ್ರ ಸಿಗುತ್ತಿತ್ತೇ?

ಉತ್ತರ: ಇಲ್ಲ. ಪಶ್ಚಿಮ ಯುರೋಪಿನ ರೈತರು, ಕೂಲಿಗಳು, ಕುಶಲಕರ್ಮಿಗಳು ಕೆಂಪು, ನೀಲಿ, ಹಳದಿ, ಹಸಿರು ಬಣ್ಣದ ಬಟ್ಟೆಗಳನ್ನು ಉಡುತ್ತಿದ್ದರು. ಬಣ್ಣ ಹಾಕದ ಉಣ್ಣೆಯ ಬಿಳಿ, ಬೂದು, ಕಂದು ಬಟ್ಟೆಗಳೂ ಅವರ ಮೈಮೇಲೆ ಇದ್ದವು, ಕಡುಬಡವರಲ್ಲಿ ಅವೇ ಹೆಚ್ಚಾಗಿದ್ದವು ಎಂಬುದು ನಿಜ. ಆದರೆ ಅಂದಿನ ಬಡವನನ್ನೂ ಶ್ರೀಮಂತನನ್ನೂ ಬೇರ್ಪಡಿಸುತ್ತಿದ್ದದ್ದು ಮುಖ್ಯವಾಗಿ ಬಣ್ಣ ಎಷ್ಟು ಗಾಢ, ಎಷ್ಟು ಸಮ, ಎಷ್ಟು ವರ್ಷ ಬಾಳುವಂಥದ್ದು, ಅದರಡಿಯ ಬಟ್ಟೆ ಎಷ್ಟು ನಯ ಎಂಬ ಸಂಗತಿಗಳು. ನಮ್ಮ ಕಣ್ಣಿಗೆ ಇಬ್ಬರೂ ನೀಲಿ ಅಂಗಿಯವರೇ ಆಗಿ ಕಂಡಾರು. ಅಂದಿನವರಿಗೆ ಮಾತ್ರ ಒಂದೇ ನೋಟಕ್ಕೆ ವ್ಯತ್ಯಾಸ ತಿಳಿಯುತ್ತಿತ್ತು.

ಈ ಕಂದು ಬಣ್ಣದ ಕಲ್ಪನೆ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ, ಏಕೆಂದರೆ ತಪ್ಪೆಲ್ಲವನ್ನೂ ಸಿನಿಮಾದವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಾಮಾನ್ಯ ಜನರ ಹಳೆಯ ಬಟ್ಟೆ ಸಿಕ್ಕಿರುವುದೇ ಅಪರೂಪ, ಸಿಕ್ಕವುಗಳಲ್ಲಿ ಹೆಚ್ಚಿನವು ಕಂದಾಗಿಯೇ ಇವೆ. ಸ್ವೀಡನ್ನಿನ ವಾರ್ಬರ್ಗ್ ಬಳಿಯ ಜೌಗು ನೆಲದಲ್ಲಿ 1936ರಲ್ಲಿ ಒಬ್ಬ ಮನುಷ್ಯನ ಅವಶೇಷ ದೊರೆಯಿತು. ಬಾಕ್‌ಸ್ಟೆನ್ ಮನುಷ್ಯ ಎಂದು ಹೆಸರಾದ ಅವನು 14ನೆಯ ಶತಮಾನದವನು. ಅವನ ನಿಲುವಂಗಿ, ಮೇಲುಹೊದಿಕೆ, ಕಾಲುಚೀಲ, ಉದ್ದ ಬಾಲವಿರುವ ಕುಲಾವಿ ಎಲ್ಲವೂ ಬಹುಪಾಲು ಇಡಿಯಾಗಿ ಉಳಿದಿವೆ. ಆದರೆ ಶತಮಾನಗಳ ಕಾಲ ಜೌಗಿನ ಕಂದು ನೀರಿನಲ್ಲಿ ನೆನೆದ ಉಣ್ಣೆ ಆ ನೀರಿನ ಬಣ್ಣವನ್ನೇ ಕುಡಿದಿದೆ. ಗ್ರೀನ್‌ಲ್ಯಾಂಡಿನ ಹೆರ್‌ಯೋಲ್ಫ್‌ಸ್ನೆಸ್ ಎಂಬಲ್ಲಿ ನಾರ್ಸ್ ವಲಸಿಗರ ಸ್ಮಶಾನವೊಂದನ್ನು 1921ರಲ್ಲಿ ಅಗೆದಾಗಲೂ ಹೀಗೆಯೇ ಆಯಿತು. ಅಲ್ಲಿ ಶವಗಳಿಗೆ ಸುತ್ತಿದ್ದ ನಿತ್ಯೋಪಯೋಗದ ಉಡುಪುಗಳು ಮಂಜುಗಟ್ಟಿದ ಮಣ್ಣಿನಲ್ಲಿ ಉಳಿದಿದ್ದವು, ಮತ್ತು ಅವುಗಳ ಬಣ್ಣವೂ ಮಣ್ಣಿನದೇ ಆಗಿತ್ತು.

ಮಣ್ಣಿಗೆ ಸೇರದೆ ಅರಮನೆಗಳಲ್ಲಿ ಜೋಪಾನವಾಗಿದ್ದ ಬಟ್ಟೆಗಳನ್ನು ಬೆಳಕು ಕೆಡಿಸಿತು. ಯುರೋಪಿನ ಹಳೆಯ ಚಿತ್ರಗಂಬಳಿಗಳಲ್ಲಿ ಮರದ ಎಲೆ, ಹುಲ್ಲುಗಳೆಲ್ಲ ವಿಚಿತ್ರವಾಗಿ ನೀಲಿ ಕಾಣುವುದನ್ನು ವಸ್ತುಸಂಗ್ರಹಾಲಯಕ್ಕೆ ಹೋದವರು ಗಮನಿಸಿರಬಹುದು. ನೇಕಾರ ಅಲ್ಲಿ ಹಸಿರನ್ನೇ ನೇಯ್ದಿದ್ದ. ಹಸಿರು ಎಂದರೆ ನೀಲಿಯ ಮೇಲೆ ಹಾಕಿದ ಹಳದಿ. ಬೆಳಕಿಗೆ ಹಳದಿ ಬೇಗ ಅಳಿದುಹೋಗಿ ಗಟ್ಟಿಗ ನೀಲಿ ಮಾತ್ರ ಉಳಿಯಿತು.

ಹಾಗಾದರೆ ಬಣ್ಣವಿತ್ತು ಎಂದು ಇಷ್ಟು ಧೈರ್ಯವಾಗಿ ಹೇಳುವುದು ಯಾವ ಆಧಾರದಿಂದ? ಕಣ್ಣಿಗೆ ಕಾಣದ ಬಣ್ಣವನ್ನು ರಾಸಾಯನಿಕ ಪರೀಕ್ಷೆ ಪತ್ತೆ ಮಾಡಬಲ್ಲದು. ಲಂಡನ್ನಿನ ಥೇಮ್ಸ್ ನದಿಯಂಚಿನ ತಿಪ್ಪೆಗಳಲ್ಲಿ ಸಿಕ್ಕ 14ನೆಯ ಶತಮಾನದ ಚಿಂದಿಗಳಲ್ಲಿ ಮಂಜಿಷ್ಠದ ಕೆಂಪಿನ ಗುರುತು ಮತ್ತೆ ಮತ್ತೆ ಕಂಡುಬಂದಿದೆ. ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟ್‌ನಲ್ಲಿ ನಡೆದ ಉತ್ಖನನವಂತೂ ಹತ್ತನೆಯ ಶತಮಾನದ ಬಣ್ಣಗಾರರ ಕಸವನ್ನೇ ನಮ್ಮ ಮುಂದೆ ಸುರಿದಿದೆ. ಅಲ್ಲಿ ಕೆಂಪು, ನೀಲಿ, ಹಳದಿ ಬಣ್ಣ ಕೊಡುವ ಗಿಡಗಳ ಅವಶೇಷಗಳ ಜೊತೆಗೆ, ಇಂಗ್ಲೆಂಡಿನಲ್ಲಿ ಬೆಳೆಯದ ಒಂದು ಬಗೆಯ ಪಾಚಿಯಂಥ ಸಸ್ಯವೂ ಇತ್ತು. ಬಣ್ಣವನ್ನು ಉಣ್ಣೆಗೆ ಹಿಡಿಸಲು ಬೇಕಾದ ಅಲ್ಯೂಮಿನಿಯಂ ಅಂಶವನ್ನು ಅದು ಮಣ್ಣಿನಿಂದ ಹೀರಿ ತನ್ನಲ್ಲಿ ಕೂಡಿಸಿಟ್ಟುಕೊಳ್ಳುತ್ತದೆ. ಅದಕ್ಕಾಗಿಯೇ ಅದನ್ನು ಸ್ಕ್ಯಾಂಡಿನೇವಿಯಾದಿಂದ ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು.

ಬರಹದ ಸಾಕ್ಷ್ಯ ಇದಕ್ಕೂ ಹಳೆಯದು. ಕ್ರಿ.ಶ. 800ರ ಸುಮಾರಿಗೆ ಷಾರ್ಲಮೇನ್ ದೊರೆಯ ಜಮೀನುಗಳ ಮೇಲ್ವಿಚಾರಕರಿಗೆ ಹೊರಡಿಸಿದ ಆಜ್ಞಾಪತ್ರದಲ್ಲಿ, ಹೆಂಗಸರ ನೇಯ್ಗೆಮನೆಗಳಿಗೆ ಒದಗಿಸಬೇಕಾದ ಸಾಮಗ್ರಿಗಳ ಪಟ್ಟಿಯಿದೆ. ಅಗಸೆ ನಾರು, ಉಣ್ಣೆ, ಉಣ್ಣೆ ಬಾಚುವ ಹಣಿಗೆ, ಸಾಬೂನುಗಳ ಸಾಲಿನಲ್ಲೇ ನೀಲಿಯ ವೋಡ್, ಕೆಂಪಿನ ಮಂಜಿಷ್ಠ, ಕಡುಗೆಂಪಿನ ಕೆರ್ಮಿಸ್ ಕೂಡ ಇವೆ.

ದಿನಬಳಕೆಯ ಬಣ್ಣಗಳೆಲ್ಲ ಮುಖ್ಯವಾಗಿ ಮೂರು ಗಿಡಗಳಿಂದ ಬರುತ್ತಿದ್ದವು. ಕೆಂಪಿಗೆ ಮಂಜಿಷ್ಠದ ಬೇರು. ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಮಂಜಿಷ್ಠಕ್ಕೆ ಇದು ಹತ್ತಿರದ ಬಂಧು, ಬೇರು ಬಲಿತು ಕೀಳುವ ಹದಕ್ಕೆ ಬರಲು ಎರಡು ಮೂರು ವರ್ಷ ಕಾಯಬೇಕು. ಹಳದಿಗೆ ವೆಲ್ಡ್ ಎಂಬ ಉದ್ದನೆಯ ಕಳೆಗಿಡ. ನೀಲಿಗೆ ವೋಡ್. ವೋಡ್ ಎಲೆಯಲ್ಲಿ ಸಿಗುವ ನೀಲಿಗೂ ನಮ್ಮ ನೀಲಿಗಿಡದ ನೀಲಿಗೂ ರಾಸಾಯನಿಕವಾಗಿ ಯಾವ ಭೇದವೂ ಇಲ್ಲ. ಅದರ ಎಲೆಯಲ್ಲಿ ಅಂಶ ಕಡಿಮೆ, ಅಷ್ಟೆ. ಎಲೆಗಳನ್ನು ಅರೆದು, ಮುಷ್ಟಿಗಾತ್ರದ ಉಂಡೆ ಕಟ್ಟಿ, ವಾರಗಟ್ಟಲೆ ಒಣಗಿಸಿ, ಮತ್ತೆ ಪುಡಿ ಮಾಡಿ ನೀರು ಚಿಮುಕಿಸಿ ರಾಶಿ ಹಾಕಿದರೆ ಅದು ಹುದುಗುತ್ತದೆ, ಮತ್ತು ಊರಿಗೆ ಊರೇ ಮೂಗು ಮುಚ್ಚಿಕೊಳ್ಳುವಷ್ಟು ನಾರುತ್ತದೆ. ಆ ಪುಡಿಯನ್ನು ಗೋಧಿಯ ತೌಡು, ಬೂದಿ ಅಥವಾ ಸುಣ್ಣದ ಜೊತೆಗೆ ಬೆಚ್ಚಗಿನ ಬಾನಿಯಲ್ಲಿ ಕದಡಿ ಹದಕ್ಕೆ ತರಬೇಕಿತ್ತು. ಸಣ್ಣ ಪ್ರಮಾಣದಲ್ಲಿ ಮಾಡುವವರು ಹಳಸಿದ ಮೂತ್ರವನ್ನೂ ಬಳಸುತ್ತಿದ್ದರು. ಬಾನಿಯಿಂದ ಎತ್ತಿದ ಬಟ್ಟೆ ಮೊದಲು ಹಳದಿ ಮಿಶ್ರಿತ ಹಸಿರಾಗಿರುತ್ತದೆ. ಗಾಳಿ ತಾಗಿದಂತೆಲ್ಲ ಕಣ್ಣೆದುರಿಗೇ ನೀಲಿಯಾಗುತ್ತ ಹೋಗುತ್ತದೆ.

ಬಡವರಿಗೂ ಬಣ್ಣ ಸಿಕ್ಕಿದ್ದು ಹೇಗೆ ಎಂಬುದಕ್ಕೆ ಈ ಬಾನಿಯಲ್ಲೇ ಒಂದು ಉತ್ತರವಿದೆ. ಹೊಸದಾಗಿ ಕದಡಿದ ಬಾನಿಗೆ ಮೊದಲು ಇಳಿಯುವ ಬಟ್ಟೆ ಗಾಢ ನೀಲಿಯಾಗುತ್ತದೆ. ಬಳಿಕ ಅದ್ದಿದವುಗಳಿಗೆ ಕ್ರಮವಾಗಿ ತಿಳಿಬಣ್ಣ ಬರುತ್ತದೆ. ಗಟ್ಟಿ ಬಣ್ಣ ಬೇಕಾದರೆ ಹಲವು ಸಲ ಅದ್ದಬೇಕು, ಪ್ರತಿ ಅದ್ದಿಗೂ ಹಣ ಕೊಡಬೇಕು. ಮಂಜಿಷ್ಠದ ಕಥೆಯೂ ಇದೇ: ಒಳ್ಳೆಯ ಬೇರಿನ ಮೊದಲ ಕಷಾಯ ಹೊಳೆಯುವ ಕೆಂಪು ಕೊಟ್ಟರೆ, ಅದೇ ಬೇರನ್ನು ಮತ್ತೆ ಕುದಿಸಿದಾಗ ಇಟ್ಟಿಗೆ ಬಣ್ಣವೋ ಕಿತ್ತಳೆಯೋ ಪೇಲವ ಗುಲಾಬಿಯೋ ಬರುತ್ತದೆ. ಇಂದು ಫ್ಯಾಷನ್ ಅಂಗಡಿಗಳಲ್ಲಿ ಹೆಚ್ಚು ಬೆಲೆಗೆ ಮಾರುವ ತಿಳಿಬಣ್ಣಗಳೇ ಅಂದು ಬಡತನದ ಗುರುತಾಗಿದ್ದವು ಎಂಬುದು ತಮಾಷೆಯ ಸಂಗತಿ. ಇವಲ್ಲದೆ ಆಕ್ರೋಟು ಸಿಪ್ಪೆಯಿಂದ ಕಂದು, ಬಂಡೆಗಂಟಿದ ಕಲ್ಲುಹೂವುಗಳಿಂದ ನೇರಳೆ ಬಣ್ಣಗಳನ್ನು ಮಾಡಿಕೊಳ್ಳುತ್ತಿದ್ದರು. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ದೂರದ ನೆಂಟರೇ ಅವು.

ಕೆಂಪಾಗಲಿ ಹಳದಿಯಾಗಲಿ ತೊಳೆದರೆ ಹೋಗದಂತೆ ಉಣ್ಣೆಗೆ ಅಂಟಬೇಕಾದರೆ ಪಟಿಕ ಬೇಕು. ಯುರೋಪಿಗೆ ಒಳ್ಳೆಯ ಪಟಿಕದ ಬಹುಪಾಲು ಇಂದಿನ ತುರ್ಕಿಯ ಕರಾವಳಿಯ ಫೋಕಿಯಾ ಗಣಿಗಳಿಂದ, ಜಿನೋವಾದ ವ್ಯಾಪಾರಿಗಳ ಕೈಯಿಂದ ಬರುತ್ತಿತ್ತು. 15ನೆಯ ಶತಮಾನದ ನಡುವೆ ಆ ಗಣಿಗಳು ಆಟೊಮನ್ ತುರ್ಕರ ವಶವಾದಾಗ ಯುರೋಪಿನ ಬಟ್ಟೆ ಉದ್ಯಮವೇ ಕಂಗಾಲಾಯಿತು. 1461ರ ಸುಮಾರಿಗೆ ರೋಮಿನ ಹತ್ತಿರದ ಟೋಲ್ಫಾ ಬೆಟ್ಟಗಳಲ್ಲಿ ಪಟಿಕದ ನಿಕ್ಷೇಪ ಸಿಕ್ಕಿದ್ದನ್ನು ಪೋಪ್ ದೈವಕೃಪೆ ಎಂದೇ ಕಂಡು, ಬೇಗನೆ ಅದನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡ.

ಶ್ರೀಮಂತರಿಗಷ್ಟೇ ಎಟುಕುವ ಬಣ್ಣಗಳೂ ಇದ್ದವು, ಅವುಗಳಲ್ಲಿ ಮೊದಲನೆಯದು ಕೆರ್ಮಿಸ್ ಎಂಬ ಕಡುಗೆಂಪು. ಮೆಡಿಟರೇನಿಯನ್ ಸೀಮೆಯ ಓಕ್ ಮರಗಳಿಗೆ ಅಂಟಿಕೊಂಡು ಬದುಕುವ, ಕಾಳಿನಷ್ಟು ಚಿಕ್ಕ ಹುಳುಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸಿ ಈ ಬಣ್ಣ ಮಾಡುತ್ತಿದ್ದರು. ಸ್ಕಾರ್ಲೆಟ್ ಎಂದು ಹೆಸರಾಗಿದ್ದ ಅತಿ ನಯವಾದ ಉಣ್ಣೆಬಟ್ಟೆಯ ಬೆಲೆಯಲ್ಲಿ ದೊಡ್ಡ ಪಾಲು ಈ ಹುಳುವಿನದೇ. ಕನ್ನಡದಲ್ಲಿ ನಾವು ಕಿರಮಂಜಿ ಎನ್ನುವ ಕೆಂಪಿಗೂ ಈ ಕೆರ್ಮಿಸ್‌ಗೂ ಹೆಸರಿನ ಮೂಲ ಒಂದೇ. ಹಿಂದೆ ಹೋದರೆ ಸಂಸ್ಕೃತದ ಕೃಮಿ ಶಬ್ದದ ನೆಂಟಸ್ತನಕ್ಕೆ ಮುಟ್ಟುತ್ತೇವೆ. ಇಂಡಿಯಾದ ಕಡೆಯಿಂದ ಯುರೋಪಿಗೆ ಹೋಗುತ್ತಿದ್ದ ಇನ್ನೊಂದು ಕೆಂಪು ನಮ್ಮ ಸಪ್ಪಂಗದ ಮರದ್ದು. ಅದನ್ನು ಅಲ್ಲಿ ಬ್ರೆಜಿಲ್ ಎಂದು ಕರೆಯುತ್ತಿದ್ದರು, ಮತ್ತು ಮಾರ್ಕೊ ಪೋಲೊ 13ನೆಯ ಶತಮಾನದ ಕೊನೆಯಲ್ಲಿ ಕೇರಳದ ಕೊಲ್ಲಂ ಬಂದರಿನ ಸಪ್ಪಂಗವನ್ನೂ ನೀಲಿಯನ್ನೂ ಹೊಗಳಿದ್ದಾನೆ. ಅಟ್ಲಾಂಟಿಕ್‌ನ ಆಚೆ ಅದೇ ಬಗೆಯ ಮರ ಸಿಕ್ಕಾಗ ಆ ದೇಶಕ್ಕೇ ಬ್ರೆಜಿಲ್ ಎಂಬ ಹೆಸರಾಯಿತು. ನಿಜವಾದ ಕಡುಗಪ್ಪು ಕೂಡ ಕಷ್ಟದ ಬಣ್ಣವೇ. 1419ರಲ್ಲಿ ತಂದೆಯ ಕೊಲೆಯಾದ ಮೇಲೆ ಬರ್ಗಂಡಿಯ ಡ್ಯೂಕ್ ಫಿಲಿಪ್ ಜೀವನದುದ್ದಕ್ಕೂ ಕಪ್ಪನ್ನೇ ಮೆಚ್ಚಿ ತೊಟ್ಟಾಗ, ಅದು ಶೋಕದಷ್ಟೇ ಸಿರಿಯ ಪ್ರದರ್ಶನವೂ ಆಗಿತ್ತು.

ಬಣ್ಣದ ಬಟ್ಟೆ ಸಾಮಾನ್ಯರ ಮನೆ ಸೇರಲು ಬೇರೆ ದಾರಿಗಳೂ ಇದ್ದವು. ದೊಡ್ಡ ಮನೆತನಗಳು ಆಳುಕಾಳುಗಳಿಗೆ ವರ್ಷಕ್ಕೊಮ್ಮೆಯೋ ಎರಡು ಸಲವೋ ಬಟ್ಟೆ ಕೊಡುವ ಪದ್ಧತಿಯಿತ್ತು, ಕೆಳದರ್ಜೆಯ ಆಳಿಗೆ ಹಲವು ಕಡೆ ಪಟ್ಟೆಪಟ್ಟೆಯ ಅಗ್ಗದ ಬಟ್ಟೆ ದೊರೆಯುತ್ತಿತ್ತು. ಹಳೆಬಟ್ಟೆ ಮಾರುವವರು ಪ್ರತಿ ನಗರದಲ್ಲೂ ಇದ್ದರು. ನೂಲುವುದರಿಂದ ಹಿಡಿದು ಎಲ್ಲವೂ ಕೈಕೆಲಸವಾದ್ದರಿಂದ ಒಂದು ಅಂಗಿಯೆಂದರೆ ಆಸ್ತಿ. ಅದನ್ನು ಉಯಿಲಿನಲ್ಲಿ ಬರೆದು ಮಗನಿಗೋ ತಂಗಿಗೋ ಬಿಟ್ಟುಹೋಗುತ್ತಿದ್ದರು. ಉಯಿಲಿನಲ್ಲಿ ಅದನ್ನು ಗುರುತಿಸುತ್ತಿದ್ದದ್ದು ಎಷ್ಟೋ ಸಲ ಬಣ್ಣದಿಂದಲೇ.

ಇವೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ನನ್ನ ದೃಷ್ಟಿಯಲ್ಲಿ ಕಾನೂನಿನದು. 1348-49ರ ಮಹಾಮಾರಿಯಲ್ಲಿ ಅಪಾರ ಜನ ಸತ್ತು, ಬದುಕುಳಿದ ಕೂಲಿಗಳ ಸಂಬಳ ಏರಿದಾಗ ಅವರ ಉಡುಪೂ ಸುಧಾರಿಸಿತು. ಇದನ್ನು ಸಹಿಸಲಾಗದೆ ಇಂಗ್ಲೆಂಡಿನ ಸಂಸತ್ತು 1363ರಲ್ಲಿ ಯಾರು ಏನು ಉಡಬೇಕು ಎಂದು ಅಂತಸ್ತಿನ ಪ್ರಕಾರ ಕಟ್ಟುಮಾಡಿತು. ಬಂಡಿ ಹೊಡೆಯುವವರು, ನೇಗಿಲು ಹೂಡುವವರು, ಕುರಿ, ದನ, ಹಂದಿ ಕಾಯುವವರು ಹಾಗೂ 40 ಷಿಲಿಂಗ್ ಬೆಲೆಯ ಸ್ವತ್ತಿಲ್ಲದ ಎಲ್ಲರೂ, 12 ಪೆನ್ಸ್ ಮೀರದ ಬ್ಲಾಂಕೆಟ್ ಮತ್ತು ರಸೆಟ್ ಎಂಬ ಒರಟು ಬಟ್ಟೆಗಳನ್ನಷ್ಟೇ ಉಡತಕ್ಕದ್ದು ಎಂದು ಅದರಲ್ಲಿತ್ತು. ಕುಶಲಕರ್ಮಿಗಳ ಹೆಂಡಿರು ರೇಷ್ಮೆಯ ತಲೆವಸ್ತ್ರ ಧರಿಸಕೂಡದು ಎಂದೂ ಇತ್ತು. ಕುರಿಗಾಹಿಗಳೆಲ್ಲ ಮೊದಲೇ ಬೂದುಗಂದು ಬಟ್ಟೆಯಲ್ಲಿದ್ದಿದ್ದರೆ ಹಾಗೆಯೇ ಉಡಿರೆಂದು ಆಜ್ಞೆ ಮಾಡುವ ಅಗತ್ಯ ಯಾವ ಸಂಸತ್ತಿಗೂ ಬರುತ್ತಿರಲಿಲ್ಲ. ಆ ಕಾನೂನನ್ನು ಎರಡು ವರ್ಷ ತುಂಬುವ ಮೊದಲೇ ಹಿಂತೆಗೆದುಕೊಂಡರು.

ಸನ್ಯಾಸಿಗಳ ಉಡುಪೂ ಇದನ್ನೇ ಹೇಳುತ್ತದೆ. 1098ರಲ್ಲಿ ಫ್ರಾನ್ಸಿನ ಸೀತೋದಲ್ಲಿ ಆರಂಭವಾದ ಸಿಸ್ಟರ್ಶಿಯನ್ ಪಂಥದವರು ಬಣ್ಣ ಹಾಕದ ಉಣ್ಣೆಯನ್ನೇ ತೊಟ್ಟು ಬಿಳಿ ಸನ್ಯಾಸಿಗಳೆಂದು ಹೆಸರಾದರು. ಬಳಿಕ ಬಂದ ಫ್ರಾನ್ಸಿಸ್ಕನ್ನರು ಬೂದು ಬಟ್ಟೆ ಆರಿಸಿಕೊಂಡರು. ಬಣ್ಣ ಬಿಡುವುದು ತ್ಯಾಗವೆನಿಸಿಕೊಳ್ಳಬೇಕಾದರೆ ಸುತ್ತಲಿನವರ ಮೈಮೇಲೆ ಬಣ್ಣವಿರಬೇಕಷ್ಟೆ.

ಅಂದಿನ ಚಿತ್ರಗಳನ್ನು ಮಾತ್ರ ಸ್ವಲ್ಪ ಎಚ್ಚರದಿಂದ ನೋಡಬೇಕು. ಇಂಗ್ಲೆಂಡಿನ ಲಿಂಕನ್‌ಷೈರಿನಲ್ಲಿ 1325-40ರ ನಡುವೆ ಸಿದ್ಧವಾದ ಲಟ್ರೆಲ್ ಕೀರ್ತನ ಗ್ರಂಥದ ಅಂಚುಗಳಲ್ಲಿ ಉಳುವವರು, ಬಿತ್ತುವವರು ಬಣ್ಣಬಣ್ಣದ ಅಂಗಿ ಕುಲಾವಿಗಳಲ್ಲಿದ್ದಾರೆ. ಆದರೆ ಇಂಥ ಪುಸ್ತಕಗಳಿಗೆ ಹಣ ಕೊಟ್ಟವರು ಜಮೀನ್ದಾರರು, ಪುಟ ಅಂದವಾಗಿ ಕಾಣಬೇಕೆಂಬುದು ಚಿತ್ರಕಾರನ ಚಿಂತೆ. ಹೊಲದಲ್ಲಿದ್ದ ಅಂಗಿ ಇದಕ್ಕಿಂತ ಮಾಸಿದ್ದು, ತೇಪೆಯದು, ಬೆವರಿನದು ಎಂದೇ ಎಣಿಸಬೇಕು.

ಹಾಗಾದರೆ 1350ರ ಸುಮಾರಿನ ಒಬ್ಬ ಇಂಗ್ಲಿಷ್ ರೈತನನ್ನು ಹೇಗೆ ಕಲ್ಪಿಸಿಕೊಳ್ಳಬೇಕು? ಮೈಗೆ ತಾಗುವ ಒಳ ಅಂಗಿ ಮತ್ತು ಚಡ್ಡಿ ಅಗಸೆ ನಾರಿನವು. ಈ ನಾರಿಗೆ ಗಿಡದ ಬಣ್ಣಗಳು ಉಣ್ಣೆಯಷ್ಟು ಚೆನ್ನಾಗಿ ಹಿಡಿಯದ ಕಾರಣ ಅದನ್ನು ಬೂದಿನೀರಿನಲ್ಲಿ ಕುದಿಸಿ, ಹುಲ್ಲಿನ ಮೇಲೆ ಹರವಿ, ಬಿಸಿಲಿಗೆ ಬೆಳ್ಳಗೆ ಮಾಡುತ್ತಿದ್ದರು. ಆಗಾಗ ಒಗೆಯುತ್ತಿದ್ದದ್ದು ಇದನ್ನೇ. ಮೇಲಿನ ಉಣ್ಣೆಯನ್ನು ಕೊಡವಿ, ಗಾಳಿಗೆ ಹಾಕಿ, ಕುಂಚದಿಂದ ಉಜ್ಜುತ್ತಿದ್ದರು. ಅದರ ಮೇಲೆ ಮೊಣಕಾಲಿನವರೆಗೆ ಬರುವ, ಬಿಸಿಲಿಗೆ ಮಾಸಿದ ತಿಳಿನೀಲಿ ಅಂಗಿ, ಸೊಂಟಕ್ಕೊಂದು ಪಟ್ಟಿ, ಕಾಲಿಗೆ ಬಣ್ಣ ಹಾಕದ ಉಣ್ಣೆಯ ಕಾಲುಚೀಲ. ತಲೆಗೆ ಇಟ್ಟಿಗೆಗೆಂಪಿನ ಕುಲಾವಿ, ಪ್ರಾಯಶಃ ಹಳೆಯ ಮೇಲಂಗಿಯೊಂದನ್ನು ಕತ್ತರಿಸಿ ಹೊಲಿದದ್ದು. ಮಡಿಕೆಯ ಒಳಭಾಗದಲ್ಲಿ, ಬಿಸಿಲು ತಾಗದ ಕಡೆ, ಅದರ ಕೆಂಪು ಇನ್ನೂ ಕೆಂಪಾಗಿಯೇ ಇತ್ತು.