ಹೊತ್ತು ಮುಳುಗಿದರೂ ಆರದ ಸ್ಲ್ಯಾಬ್

ಕಾರವಾರಕ್ಕೆ ಏಪ್ರಿಲ್, ಮೇ ತಿಂಗಳ ಸೆಕೆ ಹೊಸದೇನಲ್ಲ. ಆದರೆ ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ, ಫ್ಯಾನ್ ಹಾಕಿದರೆ ಮಾಡಿನ ಬಿಸಿಗಾಳಿಯೇ ಮೈಮೇಲೆ ಬರುತ್ತದೆ ಅಂದರೆ, ಅದನ್ನೆಲ್ಲ ಸಮುದ್ರದ ತಲೆಗೆ ಕಟ್ಟುವುದು ಸರಿಯಲ್ಲ. ಅದರಲ್ಲಿ ನಾವು ಕಟ್ಟಿಕೊಂಡದ್ದೂ ಇದೆ.

ಪೇಟೆಯು ಸುತ್ತಲಿನ ಹಳ್ಳಿಗಿಂತ ಬಿಸಿಯಾಗಿರುವುದನ್ನು ನಗರ ಉಷ್ಣದ್ವೀಪ ಅನ್ನುತ್ತಾರೆ. ಸುಮಾರು 200 ವರ್ಷದ ಹಿಂದೆ ಇದನ್ನು ಅಳೆದು ತೋರಿಸಿದವರು ಲಂಡನ್ನಿನ ಲ್ಯೂಕ್ ಹೊವಾರ್ಡ್. ಮೋಡಗಳಿಗೆ ನಾವು ಇಂದಿಗೂ ಬಳಸುವ ಹೆಸರು ಕೊಟ್ಟವರೂ ಅವರೇ. ರಾತ್ರಿ ಹೊತ್ತು ಪೇಟೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಬಿಸಿ ಜಾಸ್ತಿ, ಹಗಲಲ್ಲಿ ಮಾತ್ರ ಹೆಚ್ಚುಕಡಿಮೆ ಒಂದೇ ಅನ್ನುವುದು ಅವರ ಲೆಕ್ಕ. ಆಗ ಕಾರಿಲ್ಲ, ಎಸಿ ಇಲ್ಲ! ಅಂದರೆ ಪೇಟೆಯ ಬಿಸಿ ಮುಖ್ಯವಾಗಿ ರಾತ್ರಿಯ ವಿಷಯ. ಪೇಪರಿನಲ್ಲಿ ಬರುವ ಮಧ್ಯಾಹ್ನದ ಗರಿಷ್ಠ ತಾಪಮಾನವನ್ನಷ್ಟೇ ನೋಡಿದರೆ ಅದು ಗೊತ್ತೇ ಆಗುವುದಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಐದಿಂಚು ದಪ್ಪದ ಆರ್‌ಸಿಸಿ ಸ್ಲ್ಯಾಬ್ ಚದರ ಮೀಟರಿಗೆ ಸುಮಾರು 300 ಕೆಜಿ ತೂಗುತ್ತದೆ. ದಿನವಿಡೀ ಬಿಸಿಲು ಬಿದ್ದು ಅದು 15 ಡಿಗ್ರಿ ಕಾದರೆ, ಪ್ರತಿ ಚದರ ಮೀಟರಿನಲ್ಲೂ ಒಂದು ಯೂನಿಟ್ ಕರೆಂಟಿಗಿಂತ ತುಸು ಹೆಚ್ಚೇ ಶಾಖ ಸೇರಿಕೊಳ್ಳುತ್ತದೆ. ಸಾವಿರ ಚದರಡಿಯ ಮನೆಯಾದರೆ ಸಂಜೆ ಹೊತ್ತಿಗೆ ತಲೆಯ ಮೇಲೆ ಸುಮಾರು 100 ಯೂನಿಟ್! ಅದು ರಾತ್ರಿಯಿಡೀ ನಿಧಾನವಾಗಿ ಹೊರಗೂ ಹೋಗುತ್ತದೆ, ಒಳಗೂ ಇಳಿಯುತ್ತದೆ. ಮಂಗಳೂರು ಹಂಚಿನ ಮಾಡು ಮಧ್ಯಾಹ್ನ ಕಾಯುವುದು ನಿಜ, ಆದರೆ ಹಂಚು ತೆಳು, ಹಗುರ, ಸಂದಿಯಲ್ಲಿ ಗಾಳಿಯೂ ಆಡುತ್ತದೆ. ಬಿಸಿಲು ಇಳಿದ ಸ್ವಲ್ಪ ಹೊತ್ತಿಗೇ ಆರುತ್ತದೆ. ಹಳೆಯದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ, ಪ್ರತಿ ವರ್ಷ ಹಂಚು ಕೈಯಾಡಿಸುವ ಕಷ್ಟ ಎಲ್ಲರಿಗೂ ಗೊತ್ತು. ಸ್ಲ್ಯಾಬ್ ಹಾಕುವಾಗ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ, ಅದೇ ಬೇಸರ.

ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಕಾದ ನೆಲ, ಗೋಡೆ ಎಲ್ಲ ರಾತ್ರಿ ಆಕಾಶದ ಕಡೆಗೆ ಶಾಖ ಬಿಟ್ಟು ತಣಿಯಬೇಕು. ಗಾಳಿಯಲ್ಲಿ ತೇವ ತುಂಬಿದ್ದರೆ ಅದು ಆ ಶಾಖದಲ್ಲಿ ಒಂದು ಪಾಲನ್ನು ಹೀರಿ ಕೆಳಕ್ಕೇ ಕಳಿಸುತ್ತದೆ. ಘಟ್ಟದ ಮೇಲೆ ಶಿರಸಿಯಲ್ಲಿ ಗಾಳಿ ಒಣಗಿದ್ದಾಗ ರಾತ್ರಿ ಬೇಗ ತಂಪಾಗುವುದಕ್ಕೆ ಇದೂ ಒಂದು ಕಾರಣ. ಮೈಯ ಬೆವರೂ ಹಾಗೆಯೇ, ಆರಿದರೆ ಮಾತ್ರ ತಂಪು, ಸುಮ್ನೆ ಇಳಿದರೆ ಏನೂ ಪ್ರಯೋಜನವಿಲ್ಲ. ಹವಾಮಾನ ಇಲಾಖೆ ಬಿಸಿಗಾಳಿ ಎಂದು ಪರಿಗಣಿಸಲು ಬಯಲಲ್ಲಿ ಕನಿಷ್ಠ 40 ಡಿಗ್ರಿ ಬೇಕು, ಕರಾವಳಿಯಲ್ಲಿ ಕನಿಷ್ಠ 37.

ಇನ್ನು ಗದ್ದೆಗಳ ವಿಷಯ. ಒಂದು ಲೀಟರ್ ನೀರು ಆವಿಯಾಗಲು ಒಂದು ಯೂನಿಟ್ ಕರೆಂಟಿನ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟು ಶಾಖ ಬೇಕು. ಮರಗಳು, ತೋಟ, ಕೆರೆ, ಗಜನಿ (ಉಪ್ಪುನೀರು ನುಗ್ಗುವ ಕರಾವಳಿಯ ತಗ್ಗು ಗದ್ದೆ) ಎಲ್ಲ ಬಿಸಿಲನ್ನು ಹೀಗೆ ಖರ್ಚು ಮಾಡುತ್ತಿರುತ್ತವೆ, ಹಾಗಾಗಿ ಅಷ್ಟು ಬಿಸಿಲು ಗಾಳಿಯನ್ನು ಕಾಯಿಸುವುದಿಲ್ಲ. ಗದ್ದೆಗೆ ಮಣ್ಣು ತುಂಬಿ ಲೇಔಟ್ ಮಾಡಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿದ ಮೇಲೆ ಆ ಬಿಸಿಲು ಎಲ್ಲಿಗೆ ಹೋಗಬೇಕು? ಶಿರಸಿಯ ಕೋಟೆಕೆರೆಯಂಥ ಕೆರೆಗಳನ್ನು ಚಂದಕ್ಕಷ್ಟೇ ಉಳಿಸಿಕೊಳ್ಳುವುದಲ್ಲ, ಅಲ್ವಾ?

ಎಸಿ ಹಾಕಿದರೆ ಒಳಗಿನ ಶಾಖವೂ ಅದು ಉಂಡ ಕರೆಂಟೂ ಸೇರಿ ಪಕ್ಕದ ಮನೆಯ ಕಿಟಕಿಗೆ ಹೋಗುತ್ತದೆ. ಅದಕ್ಕಿಂತ ನಮ್ಮ ಕಡೆ ಸೋರಿಕೆಗೆಂದು ಟೆರೇಸಿನ ಮೇಲೆ ಹಾಕುವ ತಗಡಿನ ಶೀಟ್ ನನಗೆ ಇಷ್ಟ. ಸ್ಲ್ಯಾಬಿಗೆ ಬಿಸಿಲೇ ಬೀಳದಿದ್ದರೆ ಅಷ್ಟು ಶಾಖ ಸೇರುವುದೇ ಇಲ್ಲ. ಬದಿಗಳನ್ನು ಮಾತ್ರ ತೆರೆದೇ ಇಡಬೇಕು, ಮುಚ್ಚಿ ರೂಮು ಮಾಡಿದರೆ ಬಿಸಿಗಾಳಿ ಅಲ್ಲೇ ನಿಲ್ಲುತ್ತದೆ. ಶೀಟ್ ಹಾಕಲು ದುಡ್ಡಿಲ್ಲದಿದ್ದರೆ ಬಿಳಿ ಸುಣ್ಣವಾದರೂ ಆದೀತು, ಹೊಸತರಲ್ಲಿ ಬಹುಪಾಲು ಬಿಸಿಲನ್ನು ವಾಪಸ್ ಕಳಿಸುತ್ತದೆ. ನಮ್ಮ ಮಳೆಗೆ ಅದು ಪಾಚಿಗಟ್ಟಿ ಕಪ್ಪಾಗುವುದು ಖಂಡಿತ. ಆದ್ದರಿಂದ ಮಳೆಗಾಲ ಮುಗಿದ ಮೇಲೆ ಉಜ್ಜಿ ತೊಳೆದು, ಫೆಬ್ರವರಿಯೊಳಗೆ ಮತ್ತೆ ಬಳಿಯಬೇಕು.