ಹೊಸ ಡಿಸ್ಕಿನ ಸಿಂಡರೆಲ್ಲಾ ಯಾಕೆ ಬೇರೆ ಥರ ಕಾಣುತ್ತಾಳೆ?

ಪ್ರಶ್ನೆ: ನಾನು ಶಿರಸಿಯವಳು. ಚಿಕ್ಕವಳಿದ್ದಾಗ ಬಾಡಿಗೆಗೆ ತಂದ ವಿಸಿಡಿಯಲ್ಲಿ ಡಿಸ್ನಿಯ ಕಾರ್ಟೂನ್ ಸಿನಿಮಾ ‘ಸಿಂಡರೆಲ್ಲಾ’ ನೋಡಿ ನೋಡಿ ಬಾಯಿಪಾಠ ಆಗಿತ್ತು. ಈಗ ಮಗಳಿಗೆ ತೋರಿಸೋಣ ಅಂತ ರಿಸ್ಟೋರ್ ಮಾಡಿದ, ಅಂದರೆ ಹಳೆ ಫಿಲ್ಮನ್ನು ಸರಿಪಡಿಸಿ ತಂದ ಬ್ಲೂ-ರೇ ತರಿಸಿದೆ. ಚಿತ್ರ ತೊಳೆದಿಟ್ಟ ಹಾಗಿದೆ, ಆದರೂ ಏನೋ ಸಪ್ಪೆ. ಬಣ್ಣ ಬೇರೆ. ಧ್ವನಿ ಕೂಡ ಸ್ವಲ್ಪ ದಪ್ಪ ಅನಿಸುತ್ತದೆ. 4ಕೆ ಡಿಸ್ಕ್ ತಗೋಬೇಕಿತ್ತು ಅಂತಾನೆ ಅಣ್ಣ. ಇವುಗಳಲ್ಲಿ ಅಸಲಿ ಯಾವುದು?

ಉತ್ತರ: ಧ್ವನಿಯದ್ದು ಸುಲಭದ ವಿಷಯ, ಅದನ್ನು ಮೊದಲು ಮುಗಿಸಿಬಿಡೋಣ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ನಮ್ಮ ದೇಶದ ಹಳೆ ಟಿವಿಗಳದ್ದು ಪ್ಯಾಲ್ ಪದ್ಧತಿ, ಅದಕ್ಕೆ ಬೇಕಾದದ್ದು 25. ಹಾಗಾಗಿ ಪ್ಯಾಲ್ ಕ್ಯಾಸೆಟ್, ವಿಸಿಡಿ ಮಾಡುವಾಗ ಸಿನಿಮಾವನ್ನೇ ಸುಮ್ನೆ ಸ್ವಲ್ಪ ಜೋರಾಗಿ ಓಡಿಸಿಬಿಡುತ್ತಿದ್ದರು. 75 ನಿಮಿಷದ್ದು 72 ನಿಮಿಷಕ್ಕೆ ಮುಗಿಯುತ್ತಿತ್ತು. ಎಲ್ಲರ ಧ್ವನಿಯೂ ಚೂರು ಕೀರಲಾಗುತ್ತಿತ್ತು. ಬ್ಲೂ-ರೇ 24ರಲ್ಲೇ ಓಡುತ್ತದೆ. ಈಗ ಕೇಳುತ್ತಿರುವುದೇ ಸರಿಯಾದ ಶ್ರುತಿ.

ಬಣ್ಣದ ಕತೆ ಅಷ್ಟು ಸಲೀಸಲ್ಲ. ‘ಸಿಂಡರೆಲ್ಲಾ’ ಬಂದದ್ದು 1950ರಲ್ಲಿ. ಆ ಕಾಲದ ಡಿಸ್ನಿ ಚಿತ್ರಗಳನ್ನು ಟೆಕ್ನಿಕಲರ್ ಅನ್ನುವ ಬಣ್ಣದ ಪದ್ಧತಿಗಾಗಿ ತೆಗೆಯುತ್ತಿದ್ದ ಕ್ರಮ ವಿಚಿತ್ರ. ಗಾಜಿನಂತೆ ಪಾರದರ್ಶಕವಾದ ಸೆಲ್ ಹಾಳೆಯ ಮೇಲೆ ಬಿಡಿಸಿದ ಚಿತ್ರವನ್ನು ಕ್ಯಾಮೆರಾ ಕೆಳಗೆ ಇಟ್ಟು, ಅದೇ ಚಿತ್ರವನ್ನು ಮೂರು ಸಲ ತೆಗೆಯುತ್ತಿದ್ದರು. ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳ ಮೂಲಕ ಒಂದೊಂದು ಸಲ, ಅದೂ ಕಪ್ಪು-ಬಿಳುಪು ಫಿಲ್ಮಿನ ಮೇಲೆ. ನೆಗೆಟಿವ್ ಮೂರು ಪಟ್ಟು ಉದ್ದವಾಗುತ್ತಿತ್ತು. ಇದರಿಂದ ಒಂದು ದೊಡ್ಡ ಲಾಭ ಆಯಿತು. ಆಮೇಲಿನ ಕಾಲದ ಬಣ್ಣದ ಫಿಲ್ಮ್ ಮಾಸಿ ಗುಲಾಬಿಯಾಗುತ್ತದೆ, ಕಪ್ಪು-ಬಿಳುಪಿನ ಬೆಳ್ಳಿಗೆ ಆ ಕಾಟ ಇಲ್ಲ.

ಅಂದರೆ ಮೂಲ ನೆಗೆಟಿವ್‌ನಲ್ಲಿ ಬಣ್ಣವೇ ಇಲ್ಲ, ಮೂರು ಕಪ್ಪು-ಬಿಳುಪು ದಾಖಲೆ ಇವೆ, ಅಷ್ಟೇ. ಅವನ್ನು ಎಷ್ಟೆಷ್ಟು ಬೆರೆಸಬೇಕು ಅಂತ ತೀರ್ಮಾನಿಸುವವರು ಇವತ್ತು ಕಂಪ್ಯೂಟರ್ ಮುಂದೆ ಕೂತವರು. ಹೋಲಿಸಿ ನೋಡಲು ಅವರಿಗೆ ಎರಡು ದಾರಿ. ಒಂದು, ಆ ಕಾಲದಲ್ಲಿ ಥಿಯೇಟರಿಗೆ ಹೋದ ಪ್ರಿಂಟ್ ಉಳಿದಿದ್ದರೆ ಅದು. ಇನ್ನೊಂದು, ಡಿಸ್ನಿಯವರು ಜೋಪಾನ ಮಾಡಿಟ್ಟ ಸೆಲ್‌ಗಳು ಮತ್ತು ಹಿನ್ನೆಲೆಯ ಚಿತ್ರಗಳು. ಸೆಲ್ ನೋಡಿ ಬಣ್ಣ ಹೊಂದಿಸುವುದೇ ನ್ಯಾಯ ಅಂತ ಮೇಲ್ನೋಟಕ್ಕೆ ಅನಿಸುತ್ತದೆ, ಅಲ್ವಾ? ನನಗೆ ಹಾಗನಿಸುವುದಿಲ್ಲ. ಬಣ್ಣ ಆರಿಸಿದವರು ಪರದೆಯ ಮೇಲೆ ಅದು ಹೇಗೆ ಬರುತ್ತದೆ ಅಂತ ನೋಡಿ ಆರಿಸಿದ್ದು. ಕ್ಯಾಮೆರಾ, ಫಿಲ್ಟರ್, ಪ್ರಿಂಟಿನ ಬಣ್ಣ ಎಲ್ಲ ದಾಟಿ ಪರದೆಗೆ ಬರುವಾಗ ಸೆಲ್ ಮೇಲಿನ ಬಣ್ಣ ಬದಲಾಗುತ್ತದೆ. ಆ ಬದಲಾವಣೆ ಅವರ ಲೆಕ್ಕದಲ್ಲೇ ಇತ್ತು. ಆದ್ದರಿಂದ ಜನ ಥಿಯೇಟರಿನಲ್ಲಿ ನೋಡಿದ್ದೇ ಸಿನಿಮಾ. ವಿಸಿಡಿಯ ಬಣ್ಣವನ್ನಂತೂ ಅಳತೆಗೋಲು ಮಾಡಿಕೊಳ್ಳಬೇಡಿ. ಅದರ ಒಂದು ಫ್ರೇಮಿನಲ್ಲಿ ಇದ್ದದ್ದು ಸುಮಾರು 1 ಲಕ್ಷ ಚುಕ್ಕೆ. ಬ್ಲೂ-ರೇಯಲ್ಲಿ 20 ಲಕ್ಷಕ್ಕೂ ಜಾಸ್ತಿ, 4ಕೆಯಲ್ಲಿ ಸುಮಾರು 83 ಲಕ್ಷ.

ಇನ್ನು ‘ಸಪ್ಪೆ’ ಅಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ ಮಾತು ಅದೇ. ನಿಮ್ಮ ಕೈಲಿರುವುದು 2012ರ ಬ್ಲೂ-ರೇ ಇರಬೇಕು. ಫಿಲ್ಮ್ ಅಂದಮೇಲೆ ಅದರಲ್ಲಿ ಗ್ರೇನ್ ಇರುತ್ತದೆ, ಸಣ್ಣ ಮರಳಿನಂತೆ ಸದಾ ಅಲ್ಲಾಡುತ್ತಿರುತ್ತದೆ. ಆ ಡಿಸ್ಕ್ ಮಾಡಿದವರು ಅದನ್ನು ಪೂರ್ತಿ ಒರೆಸಿಹಾಕಿದರು. ಕಲಾವಿದ ಬಿಡಿಸಿದ್ದು ಚಿತ್ರವನ್ನು, ಗ್ರೇನ್ ಅನ್ನಲ್ಲ, ಹಾಗಾಗಿ ತೆಗೆದರೆ ತಪ್ಪೇನು ಅನ್ನುವುದು ಒರೆಸುವವರ ವಾದ. ಕೇಳಲು ಚೆನ್ನಾಗಿದೆ. ತೊಂದರೆ ಏನೆಂದರೆ, ಗ್ರೇನ್ ಯಾವುದು, ಕೂದಲೆಳೆಯಂಥ ಗೆರೆ ಯಾವುದು ಅಂತ ಸಾಫ್ಟ್‌ವೇರಿಗೆ ಗೊತ್ತಾಗುವುದಿಲ್ಲ. ‘ಸಿಂಡರೆಲ್ಲಾ’ ಕಾಲದಲ್ಲಿ ಸೆಲ್ ಮೇಲಿನ ಗೆರೆಗಳನ್ನು ಸ್ಟುಡಿಯೋದ ಹೆಣ್ಣುಮಕ್ಕಳು ಕೈಯಲ್ಲೇ, ಬಣ್ಣಬಣ್ಣದ ಶಾಯಿಯಲ್ಲಿ ಎಳೆಯುತ್ತಿದ್ದರು. ಕೂದಲಿನ ಎಳೆ, ಬಟ್ಟೆಯ ನೆರಿಗೆ ಎಲ್ಲ ಅಷ್ಟು ತೆಳು. ಗ್ರೇನ್ ಒರೆಸುವಾಗ ಅಂಥ ಗೆರೆಗಳೂ ಅಲ್ಲಲ್ಲಿ ಒರೆಸಿಹೋದವು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಮಟಾ, ಅಂಕೋಲಾ, ಕಾರವಾರದ ಕಡೆಯ ಹಳೆ ದೇವಸ್ಥಾನಗಳ ಗೋಡೆ ಮೇಲೆ ಕಾವಿ ಕಲೆ ಇರುತ್ತದಲ್ಲ, ಕೆಂಪು ಗಾರೆ ಕೆರೆದು ಕೆಳಗಿನ ಬಿಳಿ ಕಾಣುವಂತೆ ಬಿಡಿಸಿದ್ದು. ಜೀರ್ಣೋದ್ಧಾರ ಅಂತ ಅದರ ಮೇಲೆ ಪೇಂಟ್ ಬಳಿದರೆ ಗೋಡೆ ಫಳಫಳ ಹೊಳೆಯುತ್ತದೆ, ಚಿತ್ರ ಮಾತ್ರ ಹೋಗಿರುತ್ತದೆ.

2023ರಲ್ಲಿ ಡಿಸ್ನಿಯವರೇ ‘ಸಿಂಡರೆಲ್ಲಾ’ವನ್ನು ಹೊಸದಾಗಿ ರಿಸ್ಟೋರ್ ಮಾಡಿ 4ಕೆ ಡಿಸ್ಕ್ ತಂದರು. ಅದರಲ್ಲಿ ಗ್ರೇನ್ ಇದೆ, ಗೆರೆಗಳು ವಾಪಸ್ ಬಂದಿವೆ. ಅಣ್ಣ ಹೇಳಿದ್ದು ಸರಿ. ಆದರೆ 4ಕೆ ಅನ್ನುವ ಅಂಕಿ ನೋಡಿ ಹೇಳಿದ್ದಾದರೆ ಕಾರಣ ತಪ್ಪು. ‘ಸ್ನೋ ವೈಟ್’ ನೋಡಿ. 1937ರ ಆ ಚಿತ್ರವನ್ನು 1993ರಷ್ಟು ಹಿಂದೆಯೇ ಇಡಿಯಾಗಿ 4ಕೆಯಲ್ಲಿ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ರಿಪೇರಿ ಮಾಡಿ, ಮತ್ತೆ ಫಿಲ್ಮಿಗೆ ಇಳಿಸಿದ್ದರು. ಪೂರ್ಣಪ್ರಮಾಣದ ಸಿನಿಮಾವೊಂದಕ್ಕೆ ಹಾಗೆ ಮಾಡಿದ್ದು ಅದೇ ಮೊದಲು. ಎಷ್ಟು ಚುಕ್ಕೆಯಲ್ಲಿ ಸ್ಕ್ಯಾನ್ ಮಾಡಿದರು ಅನ್ನುವುದಕ್ಕಿಂತ ಆಮೇಲೆ ಎಷ್ಟು ಕೈಯಾಡಿಸಿದರು ಅನ್ನುವುದೇ ಮುಖ್ಯ.

ಒರೆಸಿ ಹಾಳು ಮಾಡಿದ್ದಕ್ಕೆ ಇನ್ನೂ ಕಣ್ಣಿಗೆ ಹೊಡೆಯುವ ಉದಾಹರಣೆ ‘ದ ಸ್ವೋರ್ಡ್ ಇನ್ ದ ಸ್ಟೋನ್’. 1963ರ ಚಿತ್ರ, ಬ್ಲೂ-ರೇ ಬಂದದ್ದು 2013ರಲ್ಲಿ. ಆ ಹೊತ್ತಿಗೆ ಡಿಸ್ನಿಯಲ್ಲಿ ಕೈಯಿಂದ ಶಾಯಿ ಎಳೆಯುವುದು ಬಿಟ್ಟು, ಪೆನ್ಸಿಲ್ ಗೆರೆಯನ್ನು ನೇರವಾಗಿ ಸೆಲ್‌ಗೆ ಜೆರಾಕ್ಸ್ ಮಾಡುತ್ತಿದ್ದರು. ಆ ಒರಟು ಗೆರೆಯೇ ಅಂಥ ಚಿತ್ರಗಳ ಚೆಲುವು. ಡಿಸ್ಕಿನಲ್ಲಿ ಅದು ಮೇಣದಂತೆ ಕರಗಿಹೋಗಿದೆ. ದುಡ್ಡು ಹಾಕಬೇಡಿ.

ನಿಮ್ಮ ಡಿಸ್ಕ್ ಹೇಗಿದೆ ಅಂತ ಪರೀಕ್ಷಿಸಲು ಚಿತ್ರ ನಿಲ್ಲಿಸಿ ಮುಖ ನೋಡಬೇಡಿ, ಮುಖ ಎಲ್ಲದರಲ್ಲೂ ಚೆನ್ನಾಗಿಯೇ ಇರುತ್ತದೆ. ಪಾತ್ರ ಜೋರಾಗಿ ಓಡುವಾಗ, ತಿರುಗುವಾಗ ನಿಲ್ಲಿಸಿ. ಬೆರಳಿನ ಅಂಚು, ಬಟ್ಟೆಯ ನೆರಿಗೆ ನೋಡಿ. ಗೆರೆ ಅರ್ಧಕ್ಕೆ ಕಡಿದಿದ್ದರೆ, ಬಣ್ಣಕ್ಕೆ ಬೇಲಿಯೇ ಇಲ್ಲದಿದ್ದರೆ, ಯಾರೋ ಜಾಸ್ತಿ ಒರೆಸಿದ್ದಾರೆ ಅಂತ ತಿಳಿಯಿರಿ. ಹಳೆ ಕಾರ್ಟೂನ್‌ಗಳ ಕೆಲವು ಡಿವಿಡಿಗಳಲ್ಲಿ ಇದು ಬರಿಗಣ್ಣಿಗೇ ಕಾಣುತ್ತದೆ. ವೇಗವಾಗಿ ಚಲಿಸುವ ಗೆರೆಯನ್ನು ಯಂತ್ರ ಕಸ ಅಂತ ತಿಳಿದು ಅಳಿಸಿರುತ್ತದೆ.

ಡಿಸ್ಕನ್ನು ಬೈಯುವ ಮೊದಲು ಟಿವಿಯ ಸೆಟ್ಟಿಂಗ್ ಒಮ್ಮೆ ನೋಡಿ. ಇಂಥ ಅನಿಮೇಷನ್‌ನಲ್ಲಿ ಬಹಳಷ್ಟು ಕಡೆ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದಿರುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಹೊಸ ಟಿವಿಗಳಲ್ಲಿ ಮೋಷನ್ ಸ್ಮೂತಿಂಗ್ ಅಂತಲೋ ಅಂಥದ್ದೇ ಬೇರೆ ಹೆಸರಲ್ಲೋ ಒಂದು ಸೌಲಭ್ಯ ಇರುತ್ತದೆ. ಅದು ನಡುನಡುವೆ ತಾನೇ ಚಿತ್ರ ಹುಟ್ಟಿಸಿ ತುರುಕುತ್ತದೆ. ಯಾರೂ ಬಿಡಿಸದ ಚಿತ್ರ! ಅದನ್ನು ಆಫ್ ಮಾಡಿ. ಗ್ರೇನ್ ಒರೆಸುವ ನಾಯ್ಸ್ ರಿಡಕ್ಷನ್ ಕೂಡ ಆಫ್ ಮಾಡಿ, ಶಾರ್ಪ್‌ನೆಸ್ ಇಳಿಸಿ. ಇಷ್ಟರಲ್ಲೇ ನಿಮ್ಮ ಸಪ್ಪೆ ಸ್ವಲ್ಪ ಕಡಿಮೆಯಾದೀತು.

ಸಿನಿಮಾ ಚೆನ್ನಾಗಿ ವಾಪಸ್ ಬಂದರೆ ಜನ ಥಿಯೇಟರಿಗೇ ಬರುತ್ತಾರೆ ಅನ್ನುವುದಕ್ಕೆ ನಮ್ಮದೇ ರಾಮಾಯಣ ಇದೆ. ಯುಗೊ ಸಾಕೊ ಮತ್ತು ರಾಮ್ ಮೋಹನ್ ಸೇರಿ ಜಪಾನಿನಲ್ಲಿ ಮಾಡಿದ ‘ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ 2025ರ ಜನವರಿಯಲ್ಲಿ 4ಕೆಯಲ್ಲಿ ನಮ್ಮ ಥಿಯೇಟರುಗಳಿಗೆ ಬಂತು. 1990ರ ದಶಕದ ಆರಂಭದ ಚಿತ್ರ ಅದು, ಇಲ್ಲಿ ಬಹಳ ಜನ ನೋಡಿದ್ದು ಟಿವಿಯಲ್ಲಿ. ಹಿಂದಿ, ತಮಿಳು, ತೆಲುಗಿನಲ್ಲಿ ಹೊಸದಾಗಿ ಡಬ್ ಮಾಡಿದರು. ಕನ್ನಡಕ್ಕೂ ಮಾಡಿದ್ದರೆ ಏನು ಹೋಗುತ್ತಿತ್ತೋ!

ನೀವು ಕೇಳದಿದ್ದರೂ ಎರಡು ಮಾತು. ಹಳೆ ವಿಸಿಡಿ, ಡಿವಿಡಿ ಇದ್ದರೆ ಬಿಸಾಡಬೇಡಿ. ರಿಸ್ಟೋರ್ ಮಾಡುವಾಗ ಬಣ್ಣ ಮಾತ್ರ ಬದಲಾಗುವುದಲ್ಲ. ಡಿಸ್ನಿಯದ್ದೇ ಇನ್ನೊಂದು ಹಳೆ ಚಿತ್ರ ‘ಫ್ಯಾಂಟೇಸಿಯಾ’ದ ನಿರೂಪಕರ ಮೂಲ ಧ್ವನಿಯ ಕೆಲವು ಭಾಗ ಹಾಳಾಗಿತ್ತು ಅಂತ 2000ದ ಡಿವಿಡಿಗೆ ಅವರ ಅಷ್ಟೂ ಮಾತನ್ನು ಬೇರೊಬ್ಬರಿಂದ ಹೇಳಿಸಿದರು. ಹೊಸದು ಬಂತು ಅಂತ ಹಳೆಯದನ್ನು ಕಳೆದುಕೊಂಡರೆ ಹೋಲಿಸಿ ನೋಡುವುದಕ್ಕೇ ಏನೂ ಉಳಿಯುವುದಿಲ್ಲ.

ಇನ್ನೊಂದು ಪ್ಲೇಯರಿನ ವಿಷಯ. ಬ್ಲೂ-ರೇಯಲ್ಲಿ ಭಾರತ ಸಿ ವಲಯ, ಅಮೆರಿಕ ಎ, ಯುರೋಪ್ ಬಿ. ಹೊರಗಿನಿಂದ ತರಿಸಿದ ಬ್ಲೂ-ರೇ ನಿಮ್ಮ ಪ್ಲೇಯರಿನಲ್ಲಿ ಓಡದೇ ಇರಬಹುದು. 4ಕೆ ಡಿಸ್ಕಿಗೆ ಈ ವಲಯದ ಬೀಗ ಇಲ್ಲ, ಆದರೆ ಮಾಮೂಲಿ ಬ್ಲೂ-ರೇ ಪ್ಲೇಯರಿನಲ್ಲಿ ಅದು ಓಡುವುದಿಲ್ಲ. ಬೇರೆ ಪ್ಲೇಯರೇ ಬೇಕು. ಡಿಸ್ಕಿಗಿಂತ ಅದಕ್ಕೇ ಖರ್ಚು ಜಾಸ್ತಿ, ಮೊದಲು ಅದನ್ನು ವಿಚಾರಿಸಿ.